ಶಾಲು ಆಮೇಲೆ, ಮೊದಲು ನಾಲ್ಕು ಸಾಲು: ಸೇವಾ ಕ್ಲಬ್ ಸದಸ್ಯರನ್ನು ಸನ್ಮಾನಿಸುವವರಿಗೆ

ನಮ್ಮ ಮನೆಯ ಅಲಮಾರಿಯಲ್ಲಿ ಹದಿನಾರು ಶಾಲುಗಳಿವೆ. ಬಳ್ಳಾರಿಯ ಬಿಸಿಲಿಗೆ ಒಂದನ್ನೂ ಹೊದೆಯುವ ಹಾಗಿಲ್ಲ. ಡಿಸೆಂಬರಿನ ನಾಲ್ಕು ದಿನ ಅಮ್ಮ ಒಂದನ್ನು ಹೊದ್ದುಕೊಳ್ಳುತ್ತಾರೆ, ಉಳಿದವು ನುಸಿಗುಳಿಗೆ ವಾಸನೆ ಹೀರುತ್ತ ಬಿದ್ದಿವೆ. ಯಾವುದನ್ನು ಯಾವ ಸಭೆಯಲ್ಲಿ ಯಾತಕ್ಕೆ ಹೊದಿಸಿದರು ಅಂತ ಕೇಳಿದರೆ ಮೂರರ ಮೇಲೆ ಹೇಳಲಾರೆ. ಅದೇ ಅಲಮಾರಿಯ ಕೆಳಗಿನ ಖಾನೆಯಲ್ಲಿ ಒಂದು ಹಾಳೆ ಇದೆ. ಕ್ಲಬ್ಬಿನ ಹಿರಿಯರೊಬ್ಬರು ಕೈಯಲ್ಲಿ ಬರೆದು ಓದಿದ ನಾಲ್ಕೇ ಸಾಲು. ನಾನು ಯಾವ ಹಳ್ಳಿಯಿಂದ ಎಷ್ಟು ಜನರನ್ನು ಕಣ್ಣಿನ ಪೊರೆ ತೆಗೆಸಲು ಕರೆತಂದೆ, ಅವರಲ್ಲಿ ಎಷ್ಟು ಜನರನ್ನು ತಿರುಗಿ ಮನೆ ಮುಟ್ಟಿಸಿದೆ ಅಂತ ಅದರಲ್ಲಿದೆ. ಮನೆ ಎರಡು ಸಲ ಬದಲಾಯಿಸಿದೆವು, ಆ ಹಾಳೆ ಕಳೆದಿಲ್ಲ.

ರೋಟರಿ ಮತ್ತು ಲಯನ್ಸ್ ಕ್ಲಬ್ಬುಗಳ ವರ್ಷ ಜೂನ್ 30ಕ್ಕೆ ಮುಗಿದು ಜುಲೈ 1ಕ್ಕೆ ಶುರುವಾಗುತ್ತದೆ. ಹೋಗುವ ಅಧ್ಯಕ್ಷರು ಹೋಗುವ ಮುಂಚೆ, ಬರುವ ಅಧ್ಯಕ್ಷರು ಬಂದ ಕೂಡಲೇ ಸನ್ಮಾನ ಇಡುವುದರಿಂದ ನಮ್ಮ ಕಡೆ ಆ ಎರಡು ತಿಂಗಳು ಶಾಲಿನ ಸುಗ್ಗಿ. ಇಂಥದ್ದೇ ಒಂದು ಸಭೆಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಕೇಳಿದರು: "ಏನ್ ಮಾಡ್ಯಾರ್ರಿ ಇವ್ರು?" ನಾನು "ಸಮಾಜಸೇವೆ ಮಾಡ್ಯಾರ" ಅಂದೆ. "ಅದು ಗೊತ್ತಾತು. ಏನ್ ಮಾಡ್ಯಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಾರ್ಯಕ್ರಮದ ನಿರೂಪಕ ನಾನೇ ಆಗಿದ್ದೆ.

ಕೆಳಗೆ ಬರೆದಿರುವುದೆಲ್ಲ ಆ ಅಜ್ಜನ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ಸನ್ಮಾನ ಏರ್ಪಡಿಸುವ ಬಗೆ. ರೋಟರಿ, ಲಯನ್ಸ್, ಇನ್ನರ್ ವ್ಹೀಲ್, ಜೇಸಿಯಂಥ ಸೇವಾ ಕ್ಲಬ್ಬುಗಳಿಗಷ್ಟೇ ಅಲ್ಲ, ಓಣಿಯ ಯುವಕ ಸಂಘಕ್ಕೂ ಇದು ಹೊಂದುತ್ತದೆ.

ದುಡ್ಡಿಗೆ ಕೊಡುವ ಗೌರವ, ದುಡಿಮೆಗೆ ಕೊಡುವ ಗೌರವ

ಮೊದಲು ಇದನ್ನು ಬಿಡಿಸಿಕೊಳ್ಳಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಇಬ್ಬರಿಗೂ ಮುಜುಗರ.

ರೋಟರಿಯಲ್ಲಿ ಪಾಲ್ ಹ್ಯಾರಿಸ್ ಫೆಲೋ (ಪಿಎಚ್‌ಎಫ್) ಅಂತ ಒಂದು ಗೌರವ ಇದೆ. 1905ರಲ್ಲಿ ಷಿಕಾಗೊದಲ್ಲಿ ಮೊದಲ ಕ್ಲಬ್ ಕಟ್ಟಿದ ವಕೀಲರ ಹೆಸರಿನಲ್ಲಿ 1957ರಿಂದ ನಡೆದುಬಂದದ್ದು. ರೋಟರಿ ಫೌಂಡೇಶನ್ನಿಗೆ 1,000 ಡಾಲರ್ ಕೊಟ್ಟವರಿಗೆ, ಅಥವಾ ಯಾರ ಹೆಸರಿನಲ್ಲಿ ಅಷ್ಟು ಕೊಟ್ಟರೋ ಅವರಿಗೆ ಸಲ್ಲುತ್ತದೆ. ಲಯನ್ಸ್‌ನಲ್ಲಿ ಅದರ ಜೋಡಿ ಮೆಲ್ವಿನ್ ಜೋನ್ಸ್ ಫೆಲೋ. ಅಲ್ಲೂ ಅಂತರರಾಷ್ಟ್ರೀಯ ಫೌಂಡೇಶನ್ನಿಗೆ 1,000 ಡಾಲರ್. ಎರಡೂ ದೊಡ್ಡ ಗೌರವಗಳೇ, ಆ ದುಡ್ಡು ಪೋಲಿಯೊ ಹನಿಯಾಗಿ, ಕಣ್ಣಿನ ಮಸೂರವಾಗಿ ಎಲ್ಲೋ ತಲುಪುತ್ತದೆ. ಆದರೆ ಅದು ದೇಣಿಗೆಯ ಗುರುತು. ಪಿಎಚ್‌ಎಫ್ ಪಿನ್ ಚುಚ್ಚುವಾಗ "ಇವರ ಮಾನವೀಯ ಸೇವೆಯನ್ನು ಗುರುತಿಸಿ" ಅಂತ ಮೈಕಿನಲ್ಲಿ ಹೇಳಬೇಡಿ. "ಫೌಂಡೇಶನ್ನಿಗೆ ಇವರು ಕೊಟ್ಟ ದೇಣಿಗೆಗಾಗಿ" ಅಂತ ನೇರವಾಗಿ ಹೇಳಿ. ಯಾರ ಮರ್ಯಾದೆಯೂ ಕಡಿಮೆ ಆಗುವುದಿಲ್ಲ.

ಇಲ್ಲೊಂದು ದಾರಿ ಇದೆ, ಬಹಳ ಕ್ಲಬ್ಬುಗಳು ಬಳಸುವುದಿಲ್ಲ. ಈ ಎರಡೂ ಫೆಲೋಶಿಪ್‌ಗಳನ್ನು ಬೇರೆಯವರ ಹೆಸರಿಗೆ ಕೊಡಿಸಬಹುದು, ಅವರು ಸದಸ್ಯರೇ ಆಗಿರಬೇಕೆಂದಿಲ್ಲ. ಕ್ಲಬ್ಬಿನಲ್ಲಿ ಹತ್ತು ಜನ ಸೇರಿ ದುಡ್ಡು ಹಾಕಿ, ಇಪ್ಪತ್ತು ವರ್ಷ ಶಿಬಿರಗಳಲ್ಲಿ ದುಡಿದ ಕಾಂಪೌಂಡರ್ ಹೆಸರಿಗೋ, ಆಂಬುಲೆನ್ಸ್ ಚಾಲಕರ ಹೆಸರಿಗೋ ಕೊಡಿಸಿದರೆ ದೇಣಿಗೆ ಫೌಂಡೇಶನ್ನಿಗೆ ಹೋಯಿತು, ಗೌರವ ದುಡಿದವರಿಗೆ ಹೋಯಿತು.

ಬರೀ ದುಡಿಮೆಗೆಂದೇ ಇರುವ ಗೌರವವೂ ಮೇಲಿನ ಹಂತದಲ್ಲಿದೆ. ರೋಟರಿಯ 'ಸರ್ವೀಸ್ ಅಬೌ ಸೆಲ್ಫ್' ಪ್ರಶಸ್ತಿ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 150ರ ಒಳಗೆ. ಅದು ದೇಣಿಗೆಗೆ ಅಲ್ಲ, ಸ್ವತಃ ಮಾಡಿದ ಮಾನವೀಯ ಕೆಲಸಕ್ಕೆ. ನಿಮ್ಮ ಕ್ಲಬ್ಬಿನಲ್ಲಿ ಅಂಥವರಿದ್ದರೆ ವಿವರವನ್ನು ನಿಮ್ಮ ರೋಟರಿ ಜಿಲ್ಲೆಯ ಗವರ್ನರ್ ಕಚೇರಿಗೆ ಮುಟ್ಟಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗಳ ರೋಟರಿ ಕ್ಲಬ್ಬುಗಳು ಅನಂತಪುರ, ಕರ್ನೂಲು ಕಡೆಯ ಕ್ಲಬ್ಬುಗಳ ಜೊತೆ 3160ನೇ ರೋಟರಿ ಜಿಲ್ಲೆಯಲ್ಲಿವೆ. ಅಂದರೆ ಗವರ್ನರ್ ತೆಲುಗರಾಗಿರಬಹುದು. ಕನ್ನಡದ ಪ್ರತಿಯ ಜೊತೆ ಇಂಗ್ಲಿಷಿನದೂ ಇಡಿ.

ಯಾರನ್ನು ಆರಿಸುವುದು

"ಈ ಸಲ ಯಾರಿಗೆ ಮಾಡೋಣ?" ಅಂತ ಶುರು ಮಾಡಿದರೆ ಮುಗಿಯಿತು, ಹಿರಿತನ, ಜಾತಿ, ಮುಂದಿನ ವರ್ಷದ ಅಧ್ಯಕ್ಷಗಿರಿ ಎಲ್ಲ ಮೇಜಿನ ಮೇಲೆ ಬಂದು ಕೂರುತ್ತವೆ. "ಈ ವರ್ಷ ಯಾವ ಕೆಲಸ ನಿಜವಾಗಿ ಆಯಿತು, ಅದನ್ನು ಯಾರು ಮಾಡಿದರು?" ಅಂತ ಶುರು ಮಾಡಿ. ಆಯ್ಕೆಗೆ ಮೂರು ಜನ ಸಾಕು: ಈಗಾಗಲೇ ಗೌರವ ಪಡೆದ, ಇನ್ನೇನೂ ಬೇಡದ ಹಿರಿಯರೊಬ್ಬರು, ಈ ವರ್ಷದ ಪದಾಧಿಕಾರಿ ಅಲ್ಲದ ಸದಸ್ಯರೊಬ್ಬರು, ಕ್ಲಬ್ಬಿನ ಹೊರಗಿನವರೊಬ್ಬರು. ಆ ಮೂರನೆಯವರು ರಕ್ತನಿಧಿಯ ತಂತ್ರಜ್ಞರಾಗಲಿ, ಸರ್ಕಾರಿ ಶಾಲೆಯ ಮುಖ್ಯಗುರುಗಳಾಗಲಿ, ನೇತ್ರಶಿಬಿರ ನಡೆದ ಹಳ್ಳಿಯ ಆಶಾ ಕಾರ್ಯಕರ್ತೆಯಾಗಲಿ. ಯಾರು ಫೋಟೊಕ್ಕೆ ಬಂದರು, ಯಾರು ಕೊನೆಗೆ ಕಸ ಗುಡಿಸಿ ಹೋದರು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಭಾಗಕ್ಕೆ ಒಪ್ಪುವ ಒಂದು ಪರೀಕ್ಷೆ ಹೇಳುತ್ತೇನೆ. ರಾಯಚೂರು, ಕೊಪ್ಪಳದ ಬಹಳ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ ಹಾಳು. ಹಾಗಾಗಿ ಸೇವಾ ಸಂಸ್ಥೆಗಳು ಶಾಲೆಗಳಿಗೆ ಶುದ್ಧ ನೀರಿನ ಘಟಕ ಕೊಡುವುದು ರೂಢಿ. ರಿಬ್ಬನ್ ಕತ್ತರಿಸಿದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ನೀವು ಕೇಳಬೇಕಾದದ್ದು: ಆ ಘಟಕದಲ್ಲಿ ಈ ಸೋಮವಾರ ನೀರು ಬಂತೇ? ಫಿಲ್ಟರ್, ಪೊರೆ ಬದಲಿಸಿದವರು ಯಾರು? ಕರೆಂಟ್ ಬಿಲ್ಲಿನ ತಕರಾರು ಬಂದಾಗ ಪಂಚಾಯಿತಿಗೆ ನಾಲ್ಕು ಸಲ ಅಲೆದವರು ಯಾರು? ಉದ್ಘಾಟನೆ ಮಾಡಿಸಿದವರನ್ನು ಬಿಟ್ಟು ಅಲೆದವರನ್ನು ಕರೆದು ಕೂರಿಸಿ.

ಒಂದು ಸಂಜೆಗೆ ಮೂರು ಜನ, ಹೆಚ್ಚೆಂದರೆ ಐದು. ಯಾರಿಗೂ ಬೇಜಾರಾಗಬಾರದೆಂದು ಇಪ್ಪತ್ತೆರಡು ಜನರಿಗೆ ಶಾಲು ಹೊದಿಸಿದ ಸಭೆಯೊಂದರಲ್ಲಿ ನಾನಿದ್ದೆ. ಹದಿನೈದನೆಯವರ ಹೊತ್ತಿಗೆ ಶಾಲು ಹೊದಿಸುವವರ ಕೈ ಸೋತಿತ್ತು, ಫೋಟೊಗ್ರಾಫರ್ ಊಟಕ್ಕೆ ಹೋಗಿದ್ದ.

ಲೆಕ್ಕ ಹುಡುಕಿ, ಲೆಕ್ಕ ಒರೆಗೆ ಹಚ್ಚಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ ಇದು. ಎಲ್ಲರೂ ಬಿಟ್ಟುಬಿಡುವ ಕೆಲಸವೂ ಇದೇ. ಕನಿಷ್ಠ ಮೂರು ವಾರ ಇಟ್ಟುಕೊಳ್ಳಿ.

ರಕ್ತದಾನವನ್ನೇ ತೆಗೆದುಕೊಳ್ಳಿ. "ಇವರು ವರ್ಷಕ್ಕೆ ಹತ್ತು ಸಲ ರಕ್ತ ಕೊಡುತ್ತಾರೆ" ಅಂತ ಯಾರಾದರೂ ಬರೆದು ಕಳಿಸಿದರೆ ಹಾಗೇ ಓದಬೇಡಿ. ಗಂಡಸರು ಎರಡು ದಾನಗಳ ನಡುವೆ 90 ದಿನ, ಹೆಂಗಸರು 120 ದಿನ ಬಿಡಬೇಕೆಂಬುದು ನಮ್ಮ ದೇಶದ ನಿಯಮ. ಆರೋಗ್ಯವಂತ ಗಂಡಸು ವರ್ಷಕ್ಕೆ ಕೊಡಬಹುದಾದದ್ದು ನಾಲ್ಕು ಸಲ, ಹೆಂಗಸು ಮೂರು ಸಲ. ಪ್ಲೇಟ್‌ಲೆಟ್ ದಾನದ ಲೆಕ್ಕ ಬೇರೆ. ಅದಾಗಿದ್ದರೆ ಅದನ್ನು ಬಿಡಿಸಿ ಬರೆಯಿರಿ. ಸಭೆಯಲ್ಲಿ ವೈದ್ಯರೊಬ್ಬರಾದರೂ ಇರುತ್ತಾರೆ, ತಪ್ಪು ಲೆಕ್ಕ ಓದಿದ ಕೂಡಲೇ ಅವರ ಮುಖದಲ್ಲಿ ನಗು ಬರುತ್ತದೆ, ಪಾಪ, ಅವಮಾನ ಆಗುವುದು ವೇದಿಕೆಯ ಮೇಲಿರುವವರಿಗೆ. "ಸಾವಿರಾರು ಜೀವ ಉಳಿಸಿದ" ಅನ್ನುವುದೂ ಬೇಡ. ಎಷ್ಟು ಯೂನಿಟ್ ಅಂತ ರಕ್ತನಿಧಿಯ ವಹಿಯಲ್ಲಿದೆ, ಅಷ್ಟೇ ಹೇಳಿ. 38 ಅಂದರೆ 38. ಅದೇನು ಸಣ್ಣ ಸಂಖ್ಯೆಯಲ್ಲ.

ಸಂಖ್ಯೆಗಿಂತ ಮುಖ್ಯವಾದದ್ದು ಯಾವಾಗ ಮತ್ತು ಯಾರಿಗೆ ಅನ್ನುವುದು. ಏಪ್ರಿಲ್–ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ, ಶಿಬಿರಕ್ಕೆ ಜನ ಬರುವುದಿಲ್ಲ. ಆದರೆ ಥಲಸ್ಸೇಮಿಯಾ ಇರುವ ಮಗುವಿಗೆ ಬೇಸಿಗೆ ರಜೆ ಇಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಮೇ ತಿಂಗಳಲ್ಲಿ ಒಂಬತ್ತು ದಾನಿಗಳನ್ನು ಹುಡುಕಿದವರ ಕೆಲಸ ಅಕ್ಟೋಬರ್ 1ರ ರಕ್ತದಾನ ದಿನದಂದು ತೊಂಬತ್ತು ಜನರನ್ನು ಸೇರಿಸಿದವರ ಕೆಲಸಕ್ಕಿಂತ ತೂಕದ್ದು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕ್ಲಬ್ಬಿನಲ್ಲೇ ಇದನ್ನು ಒಪ್ಪದವರಿದ್ದಾರೆ.

ನೇತ್ರದಾನದ ಕೆಲಸ ಇನ್ನೂ ಕಣ್ಣಿಗೆ ಕಾಣದ್ದು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಂದರೆ ಯಾರೋ ಒಬ್ಬರು ಅಳುತ್ತಿರುವ ಮನೆಗೆ ರಾತ್ರಿ ಎರಡು ಗಂಟೆಗೆ ಹೋಗಿ ಕೇಳಬೇಕು. ಪುನೀತ್ ರಾಜಕುಮಾರ್ 2021ರಲ್ಲಿ ತೀರಿಕೊಂಡು ಅವರ ಕಣ್ಣು ನಾಲ್ಕು ಜನರಿಗೆ ಬೆಳಕಾದ ಮೇಲೆ ಕೇಳುವುದು ಸ್ವಲ್ಪ ಸಲೀಸಾಗಿದೆ, ಆದರೂ ಬೈಸಿಕೊಂಡು ಬರುವವರಿದ್ದಾರೆ. ಇಂಥ ಸದಸ್ಯರ ಬಗ್ಗೆ ಬರೆಯುವಾಗ ಒಪ್ಪಿದ ಮನೆಗಳನ್ನಷ್ಟೇ ಎಣಿಸಬೇಡಿ, ಹೋದ ಮನೆಗಳನ್ನೂ ಎಣಿಸಿ.

ಹಳೆಯ ಕೆಲಸಗಳಿಗೆ ಕಾಗದ ಇರುವುದಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಐಸ್ ಡಬ್ಬಿ ಹೊತ್ತು ಬೂತ್ ಬೂತಿಗೆ ತಿರುಗಿದವರಿಗೆ ಈಗ ಎಪ್ಪತ್ತು ದಾಟಿದೆ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಘೋಷಣೆಯಾದಾಗ ಅವರನ್ನು ಯಾರೂ ಕರೆದು ಕೂರಿಸಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ತುಂಗಭದ್ರೆ ದಂಡೆಯ ಹಳ್ಳಿಗಳಿಗೆ ರೊಟ್ಟಿ, ಚಾದರ ಹೊತ್ತವರ ಕಥೆಯೂ ಹಾಗೇ. ಇಂಥವರ ಮನೆಗೆ ಹೋಗಿ, ಚಹಾ ಕುಡಿದು, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡಿ. ಇಬ್ಬರ ಮಾತೂ ಕೂಡಿದ್ದನ್ನು ಮಾತ್ರ ಬರೆಯಿರಿ.

ಬಿನ್ನವತ್ತಳೆ ಬರೆಯುವುದು

ಸನ್ಮಾನ ಪತ್ರ ಅನ್ನಿ, ಬಿನ್ನವತ್ತಳೆ ಅನ್ನಿ. ಮುದ್ರಣದ ಅಂಗಡಿಗೆ ಹೋದರೆ ಅವರ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಮಾದರಿ ಇರುತ್ತದೆ: "ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ಕೊಡುಗೈ ದಾನಿ, ಸ್ನೇಹಜೀವಿ, ಸಮಾಜಮುಖಿ ಚಿಂತಕರಾದ ಶ್ರೀಯುತರೇ..." ಹೆಸರು ಬದಲಿಸಿದರೆ ಊರಿನ ಯಾರಿಗಾದರೂ ಸರಿಹೊಂದುತ್ತದೆ. ಯಾರಿಗೂ ಹೊಂದುವುದಿಲ್ಲ ಅಂತಲೂ ಅನ್ನಬಹುದು.

ನಾನು ಬರೆಯುವ ಬಗೆ ಹೀಗೆ (ವ್ಯಕ್ತಿ, ಸಂಖ್ಯೆ ಎಲ್ಲ ಮಾದರಿಗೆ ಕಲ್ಪಿಸಿದ್ದು):

"ಬಸ್ ನಿಲ್ದಾಣದ ಹಿಂದೆ ನಿಮ್ಮದೊಂದು ಔಷಧ ಅಂಗಡಿ. ರಾತ್ರಿ ಹತ್ತಕ್ಕೆ ಶಟರ್ ಎಳೆದ ಮೇಲೆ ನಿಮ್ಮ ಎರಡನೇ ಕೆಲಸ ಶುರು. ರಕ್ತ ಬೇಕೆಂದು ಫೋನ್ ಬಂದರೆ ದಾನಿಯನ್ನು ಹುಡುಕಿ, ನಿಮ್ಮ ಸ್ಕೂಟರಿನಲ್ಲೇ ಕರೆದೊಯ್ದು, ರಕ್ತ ಕೊಡಿಸಿ, ಮನೆಗೆ ಬಿಟ್ಟು ಬರುತ್ತೀರಿ. ಮೂರು ವರ್ಷದಲ್ಲಿ 212 ಸಲ. ಆಸ್ಪತ್ರೆಯ ವಹಿಯಲ್ಲಿ ದಾನಿಗಳ ಹೆಸರಿದೆ, ನಿಮ್ಮದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ."

ವಿಶೇಷಣ ಒಂದೂ ಇಲ್ಲ ನೋಡಿ. ಅಂಗಡಿ, ಶಟರ್, ಸ್ಕೂಟರ್, 212. ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರ ಬಗ್ಗೆ ಒಂದೇ ವಾಕ್ಯ ಹೇಳಿ ಸುಮ್ಮನಾಗಿ: ಶಾಲೆಗೆ ತಮ್ಮ ಹೊಲ ಬಿಟ್ಟುಕೊಟ್ಟರು, ಆಮೇಲೆ ಅದೇ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿದರು. ಇದರ ಹಿಂದೆ "ತ್ಯಾಗಮಯಿ" ಸೇರಿಸಿದರೆ ವಾಕ್ಯ ಬಲಗುಂದುತ್ತದೆ.

ಉದ್ದ ನೂರು ಪದ ಮೀರದಿರಲಿ, ಗಟ್ಟಿಯಾಗಿ ಓದಿದರೆ ಒಂದು ನಿಮಿಷ. "ನೀವು" ಅಂತ ನೇರ ಅವರನ್ನೇ ಮಾತಾಡಿಸಿ. ಹುಟ್ಟಿದ ಊರು, ತಂದೆ ತಾಯಿ, ಓದು, ಮದುವೆ ಇವೆಲ್ಲ ಬೇಡ. ಅವರ ಕೆಲಸಕ್ಕೆ ಮನೆಯವರು ಹೆಗಲು ಕೊಟ್ಟಿದ್ದರೆ ಆ ಸಂಗತಿ ಮಾತ್ರ ಬರಲಿ. ಸಹಾಯ ಪಡೆದ ರೋಗಿಗಳ ಹೆಸರು, ಕಾಯಿಲೆ ಬರೆಯಲೇಬೇಡಿ.

ಬರೆದ ಮೇಲೆ ಹೆಸರನ್ನು ಅವರ ಮನೆಯವರಿಗೆ ಫೋನ್ ಮಾಡಿ ಓದಿ ಹೇಳಿ. ನಮ್ಮ ಕಡೆ ಶರಣಪ್ಪ ಬೇರೆ, ಶರಣಬಸಪ್ಪ ಬೇರೆ. ಗಡಿ ಊರುಗಳಲ್ಲಿ ತೆಲುಗು ಮನೆತನದ ಹೆಸರು ಮುಂದೆ ಬರುತ್ತದೆ, ಅದರ ಇನಿಷಿಯಲ್ ತಪ್ಪಿದರೆ ಅಣ್ಣನ ಗೌರವ ತಮ್ಮನಿಗೆ ಹೋಗುತ್ತದೆ. ನಾನು ಕಾರ್ಯದರ್ಶಿಯಾಗಿದ್ದ ವರ್ಷ ಒಂದು ಫಲಕದಲ್ಲಿ ಹೀಗೇ ಆಯಿತು. ಆ ಹಿರಿಯರು ನಗುತ್ತಲೇ ತೆಗೆದುಕೊಂಡರು, ಮರುದಿನ ಅವರ ಮಗ ಫಲಕವನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋದ. ಮಾತೇ ಆಡಲಿಲ್ಲ.

ದಿನ ಮತ್ತು ಜಾಗ

ಪಂಚಾಂಗ ನೋಡುವ ಮೊದಲು ಕಾಲುವೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರಿನಲ್ಲಿ ನಾಟಿ ಶುರು. ಬೀಜ, ಗೊಬ್ಬರ, ಅಕ್ಕಿ ಗಿರಣಿಯ ಸದಸ್ಯರು ಸಭೆಗೆ ಬರುವುದಿಲ್ಲ. ರಾಯಚೂರಿನಲ್ಲಿ ಹತ್ತಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲೂ ಅಷ್ಟೇ. ಕೊಪ್ಪಳದಲ್ಲಿ ಜನವರಿಯ ಗವಿಮಠದ ಜಾತ್ರೆಯ ಹೊತ್ತಿಗೆ ಸಭೆ ಇಟ್ಟರೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತದೆ, ನಿಮ್ಮ ಸದಸ್ಯರೇ ದಾಸೋಹದಲ್ಲಿ ಬಡಿಸುತ್ತಿರುತ್ತಾರೆ.

ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಜಂಬಲದಿನ್ನಿ ರಂಗಮಂದಿರ, ಕೊಪ್ಪಳದ ಸಾಹಿತ್ಯ ಭವನ ದೊಡ್ಡ ಕಾರ್ಯಕ್ರಮಕ್ಕೆ ಸರಿ. ಅರವತ್ತು ಜನ ಬರುವ ಸಭೆಗೆ ಅವು ಬೇಡ, ಖಾಲಿ ಸಭಾಂಗಣ ಗೌರವವನ್ನು ನುಂಗುತ್ತದೆ. ಕ್ಲಬ್ಬಿನ ಸಭಾಭವನ, ಶಾಲೆಯ ದೊಡ್ಡ ಕೋಣೆ ಸಾಕು. ನಾನು ಕಂಡ ಚೆಂದದ ಸನ್ಮಾನ ನಡೆದದ್ದು ಒಂದು ಸರ್ಕಾರಿ ಶಾಲೆಯ ಬಯಲಿನಲ್ಲಿ, ಸದಸ್ಯರು ಹಾಕಿಸಿದ ನೀರಿನ ನಲ್ಲಿಯ ಪಕ್ಕದಲ್ಲೇ. ಬಯಲಾದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ನೆನಪಿರಲಿ.

ಖರ್ಚಿನ ಬಗ್ಗೆ ಒಂದೇ ಮಾತು. ಸೇವೆಗೆಂದು ಸಾರ್ವಜನಿಕರಿಂದ ಎತ್ತಿದ ದುಡ್ಡಿನಲ್ಲಿ ಶಾಲು, ಊಟ ತರಬಾರದು. ಲಯನ್ಸ್‌ನಲ್ಲಿ ಸೇವಾ ಖಾತೆ, ಆಡಳಿತ ಖಾತೆ ಬೇರೆ ಇಡಬೇಕೆಂದೇ ಇದೆ. ಸನ್ಮಾನದ ಖರ್ಚು ಸದಸ್ಯರ ಚಂದಾದಿಂದ.

ಕೈಗೆ ಏನು ಕೊಡುವುದು

2021ರಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಕ್ಲಬ್ಬುಗಳಿಗೆ ಅದು ಅನ್ವಯಿಸದಿದ್ದರೂ ಒಳ್ಳೆಯ ಯೋಚನೆ. ಅವರಿಗೆ ಇಷ್ಟವಾಗುವ ಪುಸ್ತಕವನ್ನು ಕೇಳಿ ತಿಳಿದು, ಮೊದಲ ಪುಟದಲ್ಲಿ ಬಿನ್ನವತ್ತಳೆಯ ಎರಡು ಸಾಲು ಬರೆದು ಕೊಡಿ.

ನೆನಪಿನ ಕಾಣಿಕೆಯೇ ಬೇಕೆಂದರೆ ಗಾಜಿನ, ಅಕ್ರಿಲಿಕ್ಕಿನ ಫಲಕ ಬಿಟ್ಟು ಕೊಪ್ಪಳ ಮಗ್ಗುಲಿನ ಕಿನ್ನಾಳಕ್ಕೆ ಹೋಗಿ. ಚಿತ್ರಗಾರರು ಹಗುರ ಮರದಲ್ಲಿ ಕೊರೆದು, ಹುಣಸೆ ಬೀಜದ ಅಂಟಿನ ಕಿಟ್ಟ ಹಚ್ಚಿ, ಬಣ್ಣ ತುಂಬಿ ಮಾಡುವ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಒಂದು ತಿಂಗಳು ಮುಂಚೆ ಹೇಳಬೇಕು, ಕೈಕೆಲಸ, ಅವಸರ ಮಾಡಿದರೆ ಬಣ್ಣ ಒಣಗುವುದಿಲ್ಲ. ಹೆಗಲಿಗೆ ಏನಾದರೂ ಹಾಕಲೇಬೇಕೆಂದರೆ ಸಂಡೂರಿನ ಲಂಬಾಣಿ ಕಸೂತಿಯ ಹತ್ತಿ ಬಟ್ಟೆ ಇದೆ, ಅದಕ್ಕೂ ಅದೇ ಮಾನ್ಯತೆ. ಮೈಸೂರು ಪೇಟ ನಮಗೇಕೆ? ನಮ್ಮ ಅಜ್ಜಂದಿರು ಸುತ್ತಿದ್ದು ರುಮಾಲು. ಪೇಟ ಬಾಡಿಗೆಗೆ ತಂದು, ಫೋಟೊ ಆದ ಮೇಲೆ ಅವರ ತಲೆಯಿಂದಲೇ ತೆಗೆದು ಮುಂದಿನವರಿಗೆ ಇಡುವುದನ್ನಂತೂ ದಯವಿಟ್ಟು ಬಿಡಿ.

ಹೊದಿಸುವ ಮುಂಚೆ ಕೇಳಿ

ಯಾರೂ ಬಾಯಿಬಿಟ್ಟು ಹೇಳದ ಮಾತು, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಗೌರವಿಸುವಾಗ ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬುವ ಪದ್ಧತಿ ಇದೆ. ಗಂಡನನ್ನು ಕಳೆದುಕೊಂಡ ಸದಸ್ಯೆ ಸಾಲಿನಲ್ಲಿದ್ದಾಗ ಕುಂಕುಮದ ಬಟ್ಟಲು ಅವರನ್ನು ದಾಟಿ ಮುಂದೆ ಹೋದದ್ದನ್ನು ನೋಡಿದ್ದೇನೆ. ಹದಿಮೂರು ವರ್ಷ ಅಂಗನವಾಡಿಗಳಿಗೆ ದುಡಿದವರು ಅವರು. ಆ ಐದು ಸೆಕೆಂಡು ಆ ಇಡೀ ಸಂಜೆಯನ್ನು ಕೆಡಿಸಿತು. ಎಲ್ಲರಿಗೂ ಒಂದೇ ಬಗೆಯ ಮರ್ಯಾದೆ ಇಡಿ, ಅಥವಾ ಕುಂಕುಮವನ್ನೇ ಬಿಡಿ.

ಮುಸ್ಲಿಂ, ಕ್ರೈಸ್ತ ಸದಸ್ಯರಿಗೆ ಆರತಿ, ತಿಲಕ ಒಪ್ಪಿಗೆಯೇ ಅಂತ ಹಿಂದಿನ ದಿನ ಫೋನಿನಲ್ಲಿ ಕೇಳಿ. ವೇದಿಕೆಯ ಮೇಲೆ ಕೇಳಿದರೆ ಬೇಡ ಅನ್ನಲು ಯಾರಿಗೂ ಆಗುವುದಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ವೇದಿಕೆಯವರೇ ಕೆಳಗಿಳಿದು ಬರಲಿ.

ವೇದಿಕೆಯ ತೊಂಬತ್ತು ನಿಮಿಷ

ಆರೂವರೆಗೆ ಅಂದರೆ ಆರೂವರೆಗೆ. ಮುಖ್ಯ ಅತಿಥಿ ಬರದಿದ್ದರೂ ಶುರು ಮಾಡಿ, ಒಂದು ವರ್ಷ ಹೀಗೆ ಮಾಡಿದರೆ ಮುಂದಿನ ವರ್ಷ ಅವರೂ ಹೊತ್ತಿಗೆ ಬರುತ್ತಾರೆ. ನಾಡಗೀತೆಗೆ ನಿಗದಿಯಾದ ಕಾಲ 2 ನಿಮಿಷ 30 ಸೆಕೆಂಡು. ಕ್ಲಬ್ಬಿನ ಕ್ರಮದ ಪಠಣ, ಸ್ವಾಗತ ಸೇರಿ ಹನ್ನೆರಡು ನಿಮಿಷದಲ್ಲಿ ಮುಗಿಯಬೇಕು. ಸ್ವಾಗತದಲ್ಲಿ ಮಾಜಿ ಅಧ್ಯಕ್ಷರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಲು ಹೊರಟರೆ ಆ ಹನ್ನೆರಡು ಮೂವತ್ತಾಗುತ್ತದೆ. "ಮಾಜಿ ಅಧ್ಯಕ್ಷರೆಲ್ಲರಿಗೂ" ಸಾಕು. ಬೈಸಿಕೊಳ್ಳಲು ತಯಾರಿರಿ.

ಆಮೇಲೆ ನೇರ ಸನ್ಮಾನ, ಅತಿಥಿಗಳ ಭಾಷಣಕ್ಕಿಂತ ಮೊದಲು. ಇದೊಂದನ್ನು ಮಾತ್ರ ಬಿಡಬೇಡಿ. ಸನ್ಮಾನವನ್ನು ಕೊನೆಗೆ ಇಟ್ಟರೆ ಅತಿಥಿ ಮಾತು ಮುಗಿಸಿ "ಇನ್ನೊಂದು ಕಾರ್ಯಕ್ರಮ ಇದೆ" ಅಂತ ಎದ್ದು ಹೋಗುತ್ತಾರೆ, ಅವರ ಹಿಂದೆ ಅರ್ಧ ಸಭೆ.

ಒಬ್ಬೊಬ್ಬರಿಗೆ ಹತ್ತು ನಿಮಿಷ. ಮೊದಲು ಬಿನ್ನವತ್ತಳೆ ಓದಿ, ಅವರು ಕುರ್ಚಿಯಲ್ಲಿ ಕೂತಿರುವಾಗಲೇ. ನಂತರ ಅವರ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರಿಂದ ಎರಡು ನಿಮಿಷದ ಮಾತು: ನರ್ಸ್, ಮೇಷ್ಟ್ರು, ಅಥವಾ ತಾನಾಗಿಯೇ ಮುಂದೆ ಬಂದ ಫಲಾನುಭವಿ. ಫಲಾನುಭವಿಯನ್ನು ಒತ್ತಾಯಿಸಿ ತರಬೇಡಿ. ಕೃತಕ ಕಾಲು ಹಾಕಿಕೊಂಡವರನ್ನು ನಡೆಸಿ ತೋರಿಸುವುದು ಸನ್ಮಾನ ಅಲ್ಲ. ಮಾತಾಡುವವರು ತೆಲುಗಿನಲ್ಲೋ ಉರ್ದುವಿನಲ್ಲೋ ಆಡಿದರೆ ಆಡಲಿ, ಬಳ್ಳಾರಿ, ರಾಯಚೂರಿನ ಸಭೆಗೆ ಅನುವಾದ ಬೇಕಾಗಿಲ್ಲ. ಅದಾದ ಮೇಲೆ ಕಾಣಿಕೆ, ಫೋಟೊ. ಕೊನೆಗೆ ಗೌರವ ಪಡೆದವರಿಂದ ನಾಲ್ಕು ನಿಮಿಷ. ಅವರು ಮಾತು ಬಾರದವರಾಗಿದ್ದರೆ ಒಂದು ಪ್ರಶ್ನೆ ಕೇಳಿ: "ನಿಮಗೆ ಬಹಳ ಕಷ್ಟವಾದ ದಿನ ಯಾವುದು?" ಭಾಷಣ ಬಾರದವರೂ ಇದಕ್ಕೆ ಉತ್ತರ ಹೇಳುತ್ತಾರೆ, ಸಭೆ ಗಪ್ಪಾಗುತ್ತದೆ.

ತೀರಿಹೋದವರನ್ನು, ಹಾಸಿಗೆ ಹಿಡಿದವರನ್ನು ಗೌರವಿಸಬೇಕಾದರೆ ಐದಾರು ಜನ ಮನೆಗೇ ಹೋಗಿ. ಬ್ಯಾನರ್ ಬೇಡ. ಹಾಳೆ ಓದಿ, ಕೊಟ್ಟು, ಒಂದಷ್ಟು ಹೊತ್ತು ಕೂತು ಬನ್ನಿ.

ಮರುದಿನದ ಕೆಲಸ

ಪತ್ರಿಕೆಗೆ ಕಳಿಸುವ ಸುದ್ದಿ ನೂರಿಪ್ಪತ್ತು ಪದ. ಮೊದಲ ವಾಕ್ಯದಲ್ಲಿ ಗೌರವ ಪಡೆದವರ ಹೆಸರು ಮತ್ತು ಕೆಲಸ ಬರಲಿ, ಅತಿಥಿಯ ಹಿತನುಡಿ ಆಮೇಲೆ. ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಫೋಟೊದಲ್ಲಿ ನಡುವೆ ಅವರೇ ಇರಲಿ. ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಮಕ್ಕಳ, ರೋಗಿಗಳ ಮುಖ ಇರುವ ಚಿತ್ರ ಅವರ ಒಪ್ಪಿಗೆ ಇಲ್ಲದೆ ವಾಟ್ಸಾಪ್ ಗುಂಪಿಗೂ ಹಾಕಬೇಡಿ.

ಬಿನ್ನವತ್ತಳೆ, ರಕ್ತನಿಧಿಯ ಪತ್ರ, ಶಾಲೆಯ ಪತ್ರ, ಪತ್ರಿಕೆಯ ತುಣುಕು ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಕ್ಲಬ್ಬಿನಲ್ಲಿ ಇಡಿ. ಕಾರ್ಯದರ್ಶಿಯ ಮನೆಯಲ್ಲಿ ಬೇಡ, ಜುಲೈಗೆ ಕಾರ್ಯದರ್ಶಿ ಬದಲಾಗುತ್ತಾರೆ. ಈ ಫೈಲು ಮುಂದೆ ಬೇಕಾಗುತ್ತದೆ. ನವೆಂಬರ್ 1ರ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಗೆ ಹೆಸರು ಸೂಚಿಸುವಾಗ ಕೇಳುವುದು ಇದೇ ದಾಖಲೆ. ಪದ್ಮ ಪ್ರಶಸ್ತಿಗೆ ಸಮಾಜಸೇವೆಯ ವಿಭಾಗ ಇದೆ, ಯಾರು ಬೇಕಾದರೂ ಯಾರ ಹೆಸರನ್ನಾದರೂ ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಸೂಚಿಸಬಹುದು. ಮೊರನಾಳದ ತೊಗಲುಗೊಂಬೆಯ ಅಜ್ಜಿ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಕೊಪ್ಪಳದವರಿಗೆ ನೆನಪಿದೆ. ದಿಲ್ಲಿ ಅಷ್ಟೇನೂ ದೂರವಿಲ್ಲ. ಅಲ್ಲಿ ಸಾಧನೆಯ ವಿವರಣೆಗೆ 800 ಪದಗಳ ಮಿತಿ. ನಿಮ್ಮ ನೂರು ಪದದ ಬಿನ್ನವತ್ತಳೆಯೂ ಅದರ ಹಿಂದಿನ ಕಾಗದಗಳೂ ಫೈಲಿನಲ್ಲಿದ್ದರೆ ಒಂದು ಭಾನುವಾರದ ಕೆಲಸ. ಇಲ್ಲದಿದ್ದರೆ ಕೊನೆಯ ದಿನದ ಹಿಂದಿನ ರಾತ್ರಿ ಹನ್ನೊಂದಕ್ಕೆ ಯಾರೋ ಒಬ್ಬರು ನನಗೆ ಫೋನ್ ಮಾಡಿ, "ಸರ್, ಅವರು ಏನೇನ್ ಮಾಡಿದ್ರು ಅಂತ ಸ್ವಲ್ಪ ಹೇಳ್ತೀರಾ" ಅನ್ನುತ್ತಾರೆ.